ಲಿಂಕ್ ತೆರೆಯಲು ಮೌಸ್ ಬೇಡವೆಂದರೆ ಎಕ್ಸ್‌ಟೆನ್ಷನ್ ಹಾಕಲೇಬೇಕೇ?

ಪುಟಸರಣಿ
ವಿಮಿಯಮ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಇಲ್ಲದೆ ಕೀಬೋರ್ಡ್‌ನಲ್ಲಿ ವೆಬ್ ನೋಡುವುದು ಅರ್ಧಂಬರ್ಧ ಕೆಲಸ ಅನ್ನುವುದು ನನ್ನ ವಾದ. ಅದರಲ್ಲಿ ಎಫ್ ಒತ್ತಿದರೆ ತೆರೆಯ ಮೇಲಿರುವ ಪ್ರತಿ ಲಿಂಕಿಗೂ ಒಂದೆರಡು ಅಕ್ಷರದ ಚೀಟಿ ಅಂಟಿಕೊಳ್ಳುತ್ತದೆ. ಆ ಅಕ್ಷರ ಒತ್ತಿದರೆ ಲಿಂಕ್ ತೆರೆಯಿತು. ಶಿಫ್ಟ್+ಎಫ್ ಆದರೆ ಹೊಸ ಟ್ಯಾಬಿನಲ್ಲಿ. ಜೆ ಕೆಳಕ್ಕೆ, ಕೆ ಮೇಲಕ್ಕೆ, ಎಕ್ಸ್ ಒತ್ತಿದರೆ ಟ್ಯಾಬ್ ಮುಚ್ಚುತ್ತದೆ. ಇದನ್ನು ಬಿಟ್ಟು ಬರೀ ಟ್ಯಾಬ್ ಕೀ ನಂಬಿದರೆ, ದೊಡ್ಡ ಮೆನು ಇರುವ ಪುಟದಲ್ಲಿ ಲೇಖನದ ಮೊದಲ ಲಿಂಕ್ ಮುಟ್ಟುವಷ್ಟರಲ್ಲಿ ಬೆರಳು ಸೋಲುತ್ತದೆ.

ಅಡ್ಡಗೆರೆ
ಟ್ಯಾಬ್ ಕೀಯನ್ನೇ ಯಾಕೆ ಒತ್ತುತ್ತಾ ಕೂರಬೇಕು? ಕಂಟ್ರೋಲ್+ಎಫ್ ಒತ್ತಿ, ಲಿಂಕಿನಲ್ಲಿರುವ ಪದದ ಮೂರ್ನಾಲ್ಕು ಅಕ್ಷರ ಟೈಪ್ ಮಾಡಿ. ಬೇರೆ ಕಡೆ ಸಿಕ್ಕಿದರೆ ಎಂಟರ್ ಒತ್ತಿ ಮುಂದಿನದಕ್ಕೆ ಹೋಗಿ. ಬೇಕಾದ ಲಿಂಕ್ ಮೇಲೆ ನಿಂತಾಗ ಎಸ್ಕೇಪ್ ಒತ್ತಿ. ಹುಡುಕುವ ಪಟ್ಟಿ ಮುಚ್ಚಿ, ಫೋಕಸ್ (ಅಂದರೆ ಒತ್ತಿದ ಕೀ ಹೋಗಿ ತಲುಪುವ ಜಾಗ) ಆ ಲಿಂಕಿನ ಮೇಲೇ ಉಳಿಯುತ್ತದೆ. ಆಮೇಲೆ ಎಂಟರ್ ಒತ್ತಿದರೆ ಇಲ್ಲೇ ತೆರೆಯುತ್ತದೆ, ಕಂಟ್ರೋಲ್+ಎಂಟರ್ ಒತ್ತಿದರೆ ಹೊಸ ಟ್ಯಾಬಿನಲ್ಲಿ. ಕ್ರೋಮ್, ಫೈರ್‌ಫಾಕ್ಸ್ ಎರಡರಲ್ಲೂ ನಡೆಯುತ್ತದೆ.

ಫೈರ್‌ಫಾಕ್ಸ್‌ನಲ್ಲಿ ಇನ್ನೂ ಸುಲಭ. ಒಂಟಿ ಉದ್ಧರಣ ಚಿಹ್ನೆ ಒತ್ತಿ ಟೈಪ್ ಮಾಡಿದರೆ ಲಿಂಕ್‌ಗಳ ಪಠ್ಯದಲ್ಲಿ ಮಾತ್ರ ಹುಡುಕುತ್ತದೆ. ಸ್ಲ್ಯಾಶ್ ಒತ್ತಿದರೆ ಇಡೀ ಪುಟದಲ್ಲಿ. ಈ ಸಣ್ಣ ಪಟ್ಟಿ ಕೆಲವೇ ಸೆಕೆಂಡಿನಲ್ಲಿ ತಾನೇ ಮಾಯವಾಗುತ್ತದೆ, ಆದ್ದರಿಂದ ನಿಧಾನಿಸಬೇಡಿ.

ಎಕ್ಸ್‌ಟೆನ್ಷನ್ ವಿಷಯ ಬಂದರೆ, ಎಲ್ಲ ಜಾಲತಾಣಗಳ ಮಾಹಿತಿಯನ್ನೂ ಓದುವ, ಬದಲಿಸುವ ಅನುಮತಿ ಕೊಡದೆ ವಿಮಿಯಮ್ ಕೆಲಸ ಮಾಡುವುದೇ ಇಲ್ಲ. ಕೀ ಹಿಡಿಯಬೇಕೆಂದರೆ ಅದು ಪ್ರತಿ ಪುಟದೊಳಗೂ ಇರಲೇಬೇಕು.

ಪುಟಸರಣಿ
ಅನುಮತಿ ದೊಡ್ಡದು, ಒಪ್ಪುತ್ತೇನೆ. ಆದರೆ ಅದರ ಮೂಲಕೋಡ್ ಬಹಿರಂಗವಾಗಿದೆ, ಯಾರು ಬೇಕಾದರೂ ಓದಬಹುದು. ಇನ್ನು ನಿಮ್ಮ ಉಪಾಯ ಪಠ್ಯ ಇರುವ ಲಿಂಕಿಗೆ ಮಾತ್ರ. ಬರೀ ಐಕಾನ್ ಇರುವ ಬಟನ್‌ಗೆ ಏನನ್ನು ಹುಡುಕುತ್ತೀರಿ? ಒಂದೇ ಪುಟದಲ್ಲಿ ‘ಇನ್ನಷ್ಟು ಓದಿ’ ಅಂತ ಇಪ್ಪತ್ತು ಲಿಂಕ್ ಇದ್ದರೆ?

ಅಡ್ಡಗೆರೆ
ಇಪ್ಪತ್ತು ‘ಇನ್ನಷ್ಟು ಓದಿ’ ಇದ್ದರೆ ಅವುಗಳ ಮೇಲಿರುವ ಶೀರ್ಷಿಕೆಯ ಪದ ಹುಡುಕಿ, ಎಸ್ಕೇಪ್ ಒತ್ತಿ, ಅಲ್ಲಿಂದ ಟ್ಯಾಬ್ ಒತ್ತಿ. ಆಯ್ಕೆಯಾದ ಪಠ್ಯದ ನಂತರದ ಲಿಂಕಿಗೆ ಫೋಕಸ್ ಹೋಗುತ್ತದೆ. ಐಕಾನ್ ಬಟನ್ ವಿಷಯದಲ್ಲಿ ನೀವು ಹೇಳಿದ್ದೇ ಸರಿ. ಅಲ್ಲಿ ಅಕ್ಷರದ ಚೀಟಿಗೆ ಸಾಟಿಯಿಲ್ಲ.

ಎಫ್‌ಆರು
ಇಬ್ಬರೂ ಲಿಂಕ್ ಬಗ್ಗೆಯೇ ಮಾತಾಡುತ್ತಿದ್ದೀರಿ. ಸಮಯ ಹೆಚ್ಚು ಉಳಿಯುವುದು ವಿಳಾಸಪಟ್ಟಿಯಲ್ಲಿ. ಕಂಟ್ರೋಲ್+ಎಲ್ ಒತ್ತಿ ಅಲ್ಲಿಗೆ ಹೋಗಿ, ಪದ ಟೈಪ್ ಮಾಡಿ, ಆಲ್ಟ್+ಎಂಟರ್ ಒತ್ತಿದರೆ ಈಗಿನ ಪುಟ ಹಾಗೇ ಉಳಿದು ಹೊಸ ಟ್ಯಾಬ್ ತೆರೆಯುತ್ತದೆ. ತಪ್ಪು ಸಲಹೆಯೊಂದು ಪದೇಪದೇ ಬರುತ್ತಿದ್ದರೆ ಬಾಣದ ಕೀಯಿಂದ ಅದರ ಮೇಲೆ ನಿಂತು ಶಿಫ್ಟ್+ಡಿಲೀಟ್ ಒತ್ತಿ, ಹೋಗುತ್ತದೆ.

ಐವತ್ತು ಟ್ಯಾಬ್ ತೆರೆದಿಟ್ಟವರು ಕಂಟ್ರೋಲ್+ಟ್ಯಾಬ್ ಒತ್ತುತ್ತಾ ಹುಡುಕಬೇಡಿ. ಫೈರ್‌ಫಾಕ್ಸ್ ವಿಳಾಸಪಟ್ಟಿಯಲ್ಲಿ ಶೇಕಡಾ ಚಿಹ್ನೆ, ಒಂದು ಸ್ಪೇಸ್, ಆಮೇಲೆ ಪದ ಹಾಕಿ. ತೆರೆದಿರುವ ಟ್ಯಾಬ್‌ಗಳಲ್ಲಿ ಮಾತ್ರ ಹುಡುಕುತ್ತದೆ. ನಕ್ಷತ್ರ ಚಿಹ್ನೆ ಹಾಕಿದರೆ ಬುಕ್‌ಮಾರ್ಕ್‌ಗಳಲ್ಲಿ. ಕ್ರೋಮ್‌ನಲ್ಲಿ ಟ್ಯಾಬ್ ಹುಡುಕಲು ಕಂಟ್ರೋಲ್+ಶಿಫ್ಟ್+ಎ. ಅದೇ ಕೀ ಫೈರ್‌ಫಾಕ್ಸ್‌ನಲ್ಲಿ ಆಡ್‌ಆನ್ ಪುಟ ತೆರೆಯುತ್ತದೆ, ಎರಡನ್ನೂ ಬಳಸುವವರು ಗಮನಿಸಿ.

ಹೊಸಟ್ಯಾಬ್
ಒಂದು ಪ್ರಶ್ನೆ. ಸ್ಪೇಸ್ ಒತ್ತಿದರೆ ಪುಟ ಕೆಳಗೆ ಹೋಗಬೇಕಲ್ಲ, ಕೆಲವೊಮ್ಮೆ ವಿಡಿಯೊ ನಿಂತುಬಿಡುತ್ತದೆ, ಕೆಲವೊಮ್ಮೆ ಏನೂ ಆಗುವುದಿಲ್ಲ. ಬ್ಯಾಕ್‌ಸ್ಪೇಸ್ ಕೂಡ ಹಿಂದಿನ ಪುಟಕ್ಕೆ ಹೋಗುತ್ತಿಲ್ಲ. ಕೀಬೋರ್ಡ್ ತೊಂದರೆಯೇ?

ಎಫ್‌ಆರು
ಕೀಬೋರ್ಡ್ ಸರಿಯಾಗಿಯೇ ಇದೆ. ಶಾರ್ಟ್‌ಕಟ್ ಕೈಕೊಟ್ಟಾಗ ಮೊದಲು ಕೇಳಬೇಕಾದ್ದು ‘ಫೋಕಸ್ ಈಗ ಎಲ್ಲಿದೆ?’ ಅಂತ. ವಿಡಿಯೊ ಮೇಲೆ ಕ್ಲಿಕ್ ಮಾಡಿದ ಮೇಲೆ ಸ್ಪೇಸ್ ಹೋಗುವುದು ವಿಡಿಯೊಗೆ. ಬಟನ್ ಮೇಲಿದ್ದರೆ ಆ ಬಟನ್ನೇ ಒತ್ತಿದಂತೆ. ಬೇರೆ ತಾಣದ ವಿಡಿಯೊವನ್ನು ಪುಟದೊಳಗೆ ಕೂರಿಸಿದ್ದರೆ ಕೀಗಳೆಲ್ಲ ಆ ಚೌಕಟ್ಟಿನೊಳಗೇ ಉಳಿಯುತ್ತವೆ, ಹೊರಗಿನ ಪುಟಕ್ಕೆ ತಲುಪುವುದಿಲ್ಲ. ಶಿಫ್ಟ್+ಟ್ಯಾಬ್ ಒತ್ತಿ ಹೊರಬನ್ನಿ. ಫೋಕಸ್ ವಿಳಾಸಪಟ್ಟಿಯಲ್ಲಿ ಸಿಕ್ಕಿಕೊಂಡಿದ್ದರೆ ಎಫ್6 ಒತ್ತಿ. ವಿಳಾಸಪಟ್ಟಿ, ಬುಕ್‌ಮಾರ್ಕ್ ಪಟ್ಟಿ, ಪುಟ ಹೀಗೆ ಸುತ್ತುತ್ತದೆ.

ಬ್ಯಾಕ್‌ಸ್ಪೇಸ್ ಅನ್ನು ಬೇಕೆಂದೇ ತೆಗೆದಿದ್ದಾರೆ. ಕ್ರೋಮ್ 2016ರಲ್ಲಿ, ಫೈರ್‌ಫಾಕ್ಸ್ 2021ರಲ್ಲಿ. ಫಾರಂ ತುಂಬುವಾಗ ಕರ್ಸರ್ ಪೆಟ್ಟಿಗೆಯಿಂದ ಹೊರಗಿದ್ದದ್ದು ಗೊತ್ತಾಗದೆ ಅಕ್ಷರ ಅಳಿಸಲು ಹೋದರೆ ಪುಟವೇ ಹಿಂದಕ್ಕೆ ಹೋಗಿ, ಬರೆದದ್ದೆಲ್ಲ ಹಾಳಾಗುತ್ತಿತ್ತು. ಈಗ ಆಲ್ಟ್+ಎಡಬಾಣ ಬಳಸಿ, ಮ್ಯಾಕ್‌ನಲ್ಲಿ ಕಮಾಂಡ್+ಎಡ ಚೌಕಾವರಣ.

ಓದುತೆರೆ
ಆ ಬ್ಯಾಕ್‌ಸ್ಪೇಸ್ ಅಪಾಯವೇ ವಿಮಿಯಮ್‌ನಲ್ಲೂ ಇದೆ. ಕರ್ಸರ್ ಪೆಟ್ಟಿಗೆಯಲ್ಲಿದೆ ಎಂದುಕೊಂಡು ಒಂದು ವಾಕ್ಯ ಟೈಪ್ ಮಾಡಿದರೆ ಪ್ರತಿ ಅಕ್ಷರವೂ ಒಂದೊಂದು ಆಜ್ಞೆ. ಧ್ವನಿಯಿಂದ ಟೈಪ್ ಮಾಡುವವರಿಗೆ ಇದು ಇನ್ನೂ ಕಷ್ಟ, ಹೇಳಿದ ಮಾತೆಲ್ಲ ಅಕ್ಷರಗಳ ಸಾಲಾಗಿ ಬಂದು ಬೀಳುತ್ತದೆ. ಜಾಲತಾಣಗಳು ಎಲ್ಲರಿಗೂ ಬಳಸಲು ಬರುವಂತಿರಲು ಮಾಡಿದ ಮಾರ್ಗಸೂಚಿಯಾದ 2018ರ ಡಬ್ಲ್ಯುಸಿಎಜಿ 2.1ರಲ್ಲಿ ಇದಕ್ಕೇ ಒಂದು ನಿಯಮವಿದೆ, 2.1.4. ಜಾಲತಾಣ ಒಂದೇ ಅಕ್ಷರದ ಶಾರ್ಟ್‌ಕಟ್ ಇಟ್ಟರೆ, ಅದನ್ನು ಆಫ್ ಮಾಡಲು ಅಥವಾ ಬದಲಿಸಲು ಆಗಬೇಕು, ಇಲ್ಲವೇ ಆ ಭಾಗಕ್ಕೆ ಫೋಕಸ್ ಬಂದಾಗ ಮಾತ್ರ ಅದು ಕೆಲಸ ಮಾಡಬೇಕು. ಎಷ್ಟೋ ತಾಣಗಳು ಇದನ್ನು ಪಾಲಿಸುವುದಿಲ್ಲ ಅನ್ನುವುದು ಬೇಸರದ ಸಂಗತಿ. ಇನ್ನು ಫೋಕಸ್ ಸುತ್ತಲಿನ ಗೆರೆ ಚೆಂದ ಕಾಣುವುದಿಲ್ಲವೆಂದು ಅಳಿಸಿಹಾಕುವ ವಿನ್ಯಾಸಕಾರರು ಕೀಬೋರ್ಡ್ ಬಳಕೆದಾರರ ಕಣ್ಣನ್ನೇ ಕಟ್ಟುತ್ತಿದ್ದಾರೆ.

ಪುಟಸರಣಿ
ಪುಟ ನಮ್ಮ ಕೀಯನ್ನು ಕಸಿದುಕೊಂಡರೆ ಫೈರ್‌ಫಾಕ್ಸ್‌ನಲ್ಲಿ ತಡೆಯಬಹುದು. ಕಂಟ್ರೋಲ್+ಐ ಒತ್ತಿ ಪುಟದ ಮಾಹಿತಿ ತೆರೆಯಿರಿ, ಅನುಮತಿಗಳ ವಿಭಾಗದಲ್ಲಿ ಕೀಬೋರ್ಡ್ ಶಾರ್ಟ್‌ಕಟ್ ಅತಿಕ್ರಮಿಸುವುದನ್ನು ತಡೆಹಿಡಿಯಿರಿ. ಆನ್‌ಲೈನ್ ಬರಹ ಸಂಪಾದಕಗಳಲ್ಲಿ ಮಾತ್ರ ಹೀಗೆ ಮಾಡಬೇಡಿ, ಅವುಗಳ ಸ್ವಂತ ಶಾರ್ಟ್‌ಕಟ್‌ಗಳೂ ನಿಲ್ಲುತ್ತವೆ. ವಿಮಿಯಮ್‌ನಲ್ಲಾದರೆ ಆ ತಾಣದ ವಿಳಾಸ ಕೊಟ್ಟು, ಯಾವ ಕೀಗಳನ್ನು ಪುಟಕ್ಕೇ ಬಿಡಬೇಕೆಂದು ಬರೆದಿಡುವ ಸೌಲಭ್ಯ ಇದೆ.

ಅಡ್ಡಗೆರೆ
ಅದೇ ವಿಮಿಯಮ್ ಬ್ರೌಸರಿನ ಸೆಟ್ಟಿಂಗ್ಸ್ ಪುಟದಲ್ಲಾಗಲಿ ಕ್ರೋಮ್‌ನ ಎಕ್ಸ್‌ಟೆನ್ಷನ್ ಅಂಗಡಿಯಲ್ಲಾಗಲಿ ಓಡುವುದಿಲ್ಲ. ಅಲ್ಲಿ ಎಕ್ಸ್ ಒತ್ತಿದರೆ ಟ್ಯಾಬ್ ಮುಚ್ಚುವುದಿಲ್ಲ. ಕಂಟ್ರೋಲ್+ಡಬ್ಲ್ಯು ಎಲ್ಲೆಡೆ ನಡೆಯುತ್ತದೆ, ತಪ್ಪಿ ಮುಚ್ಚಿದರೆ ಕಂಟ್ರೋಲ್+ಶಿಫ್ಟ್+ಟಿ. ಆದ್ದರಿಂದ ಟ್ಯಾಬ್ ಕೆಲಸಕ್ಕೆ ಬ್ರೌಸರಿನ ಕೀಗಳು, ಪುಟದೊಳಗಿನ ಲಿಂಕಿಗೆ ಬೇಕಿದ್ದರೆ ಎಫ್. ಇಷ್ಟರ ಮಟ್ಟಿಗೆ ರಾಜಿಗೆ ಸಿದ್ಧ.

ಹೊಸಟ್ಯಾಬ್
ವಿಮಿಯಮ್ ಹಾಕಿದೆ. ಕನ್ನಡದಲ್ಲಿ ಪ್ರತಿಕ್ರಿಯೆ ಬರೆದ ಮೇಲೆ ಎಫ್ ಕೆಲಸ ಮಾಡುತ್ತಿಲ್ಲ, ಎಸ್ಕೇಪ್ ಒತ್ತಿ ಪೆಟ್ಟಿಗೆಯಿಂದ ಹೊರಬಂದರೂ ಅಷ್ಟೇ.

ಪುಟಸರಣಿ
ಕನ್ನಡ ಟೈಪ್ ಮಾಡುವ ಇನ್‌ಸ್ಕ್ರಿಪ್ಟ್ ಕೀಬೋರ್ಡ್ ವಿನ್ಯಾಸ ಇನ್ನೂ ಚಾಲೂ ಇದೆ. ಅದರಲ್ಲಿ ಎಫ್ ಅಂದರೆ ಗುಡಿಸು, ಕೆ ಅಂದರೆ ‘ಕ’, ಸ್ಲ್ಯಾಶ್ ಅಂದರೆ ‘ಯ’. ವಿಮಿಯಮ್‌ಗೆ ತಲುಪುವುದೂ ಆ ಅಕ್ಷರಗಳೇ. ವಿಂಡೋಸ್‌ನಲ್ಲಿ ವಿನ್+ಸ್ಪೇಸ್ ಒತ್ತಿ ಇಂಗ್ಲಿಷ್‌ಗೆ ಬದಲಿಸಿ. ಪ್ರತಿಸಲ ಬೇಡವೆನಿಸಿದರೆ ವಿಮಿಯಮ್ ಆಯ್ಕೆಗಳ ಮುಂದುವರಿದ ವಿಭಾಗದಲ್ಲಿ ಕೀಬೋರ್ಡ್ ವಿನ್ಯಾಸ ಕಡೆಗಣಿಸುವ ಗುರುತುಪೆಟ್ಟಿಗೆ ಇದೆ, ಅದಕ್ಕೆ ಗುರುತು ಹಾಕಿ ಉಳಿಸಿ, ತೆರೆದಿರುವ ಪುಟಗಳನ್ನು ಒಮ್ಮೆ ರಿಫ್ರೆಶ್ ಮಾಡಿ.