ಹತ್ತು ವರ್ಷದ ಯಕ್ಷಗಾನದ ವಾಟ್ಸಾಪ್ ಗುಂಪನ್ನು ಮುಚ್ಚುವುದು ಹೇಗೆ? ಅನುಭವ ಇದ್ದವರು ಹೇಳಿ

ಕಾಸರಗೋಡಿನ ಪೆರ್ಲದಿಂದ, ಕೇಳುತ್ತಿರುವವನು

ನಮಸ್ಕಾರ. ಒಂದು ಸಲಹೆ ಬೇಕಿತ್ತು. 2015ರಲ್ಲಿ ನಾನೊಂದು ಯಕ್ಷಗಾನ ಅಭಿಮಾನಿಗಳ ವಾಟ್ಸಾಪ್ ಗುಂಪು ಶುರು ಮಾಡಿದ್ದೆ. ಇವತ್ತು ಎಲ್ಲಿ ಆಟ (ಅಂದರೆ ಯಕ್ಷಗಾನ ಪ್ರದರ್ಶನ), ಯಾವ ಮೇಳ (ತಂಡ), ಯಾವ ಪ್ರಸಂಗ (ಕಥೆ), ಅಷ್ಟು ತಿಳಿಸುವುದಕ್ಕೆ ಮಾತ್ರ. ಆಗ ಒಂದು ಗುಂಪಿಗೆ ನೂರು ಜನಕ್ಕಿಂತ ಜಾಸ್ತಿ ಸೇರಿಸಲು ಆಗುತ್ತಿರಲಿಲ್ಲ. ಮರುವರ್ಷ 256 ಆಯಿತು, ಒಂದೇ ವಾರದಲ್ಲಿ ತುಂಬಿತು. ಈಗ ನಾನೂರು ಚಿಲ್ಲರೆ ಜನ ಇದ್ದೇವೆ. ಬದಿಯಡ್ಕ, ಮುಳ್ಳೇರಿಯ, ಉಪ್ಪಳದವರು, ಗಲ್ಫಿನವರು, ಬೆಂಗಳೂರಿನವರು.

ಮೊದಲೆಲ್ಲ ರಾತ್ರಿ ಒಂದು ಗಂಟೆಗೆ ಚೌಕಿಯಿಂದ (ಬಣ್ಣ ಹಚ್ಚುವ ಜಾಗದಿಂದ) ಫೋಟೊ ಬರುತ್ತಿತ್ತು. ಬೆಳಿಗ್ಗೆ ಮಂಗಳ ಹಾಡಿ ಆಟ ಮುಗಿಯುವಷ್ಟರಲ್ಲಿ ನಿನ್ನೆಯ ಭಾಗವತಿಕೆ (ಹಾಡುಗಾರಿಕೆ) ಹೇಗಿತ್ತು ಅಂತ ಜಗಳ ಶುರು. ಈಗ ಬರುವುದು ಶುಭೋದಯದ ಹೂವು, ಮತ್ತೆ ಫಾರ್ವರ್ಡ್. ಅಮ್ಮ ಹಾಸಿಗೆ ಹಿಡಿದ ಮೇಲೆ ನಾನು ಆಟಕ್ಕೆ ಹೋಗದೆ ಎರಡು ವರ್ಷ ಆಯಿತು. ಗುಂಪು ನಿಲ್ಲಿಸಬೇಕು ಅಂತ ಇದ್ದೇನೆ. ಯಾರಿಗಾದರೂ ವಹಿಸುವುದಾ, ಮುಚ್ಚುವುದಾ? ಅದರಲ್ಲಿರುವ ರೆಕಾರ್ಡಿಂಗ್‌ಗಳ ಗತಿ ಏನು? ಅಥವಾ ಸುಮ್ನೆ ಹೊರಗೆ ಬಂದರೆ ಸಾಕಾ?

ಕುಂಬಳೆಯಿಂದ

ಸುಮ್ನೆ ಹೊರಗೆ ಬರುವುದೊಂದು ಬೇಡ ಮಾರಾಯ್ರೇ. ನಾನು ಬಂದವನು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದೂ ಆಟದ ಗುಂಪೇ. ಒಬ್ಬನೇ ಅಡ್ಮಿನ್ ಇದ್ದೆ. ಒಂದು ದಿನ ಯಾವುದೋ ಮೇಳದ ವಿಷಯಕ್ಕೆ ಮಾತಿಗೆ ಮಾತು ಬೆಳೆಯಿತು. ಸಿಟ್ಟು ಬಂದು ರಾತ್ರಿ ಹನ್ನೊಂದಕ್ಕೆ ಹೊರಗೆ ಬಂದುಬಿಟ್ಟೆ. ಒಬ್ಬನೇ ಅಡ್ಮಿನ್ ಹೊರಗೆ ಬಂದರೆ ವಾಟ್ಸಾಪ್ ತಾನಾಗಿಯೇ ಇನ್ನೊಬ್ಬರನ್ನು ಅಡ್ಮಿನ್ ಮಾಡುತ್ತದೆ ಅಂತ ಗೊತ್ತಿರಲಿಲ್ಲ. ಆ ಪಟ್ಟ ಸಿಕ್ಕಿದ್ದು ಒಬ್ಬ ಅಡಿಕೆ ವ್ಯಾಪಾರಿಗೆ. ಪಾಪ, ಗುಂಪಿನಲ್ಲಿ ಒಂದು ದಿನವೂ ಬಾಯಿ ಬಿಟ್ಟವರಲ್ಲ. ತಾನು ಅಡ್ಮಿನ್ ಆದದ್ದು ಅವರಿಗೆ ಗೊತ್ತೇ ಇಲ್ಲ.

ಎರಡು ತಿಂಗಳಾದ ಮೇಲೆ ಒಬ್ಬ ಹಿರಿಯರು ಫೋನ್ ಮಾಡಿದರು. ಐದು ನಿಮಿಷದಲ್ಲಿ ಸಾಲ ಅಂತ ಬಂದ ಲಿಂಕನ್ನು ಒತ್ತಿ ಎಂಟು ಸಾವಿರ ಕಳಕೊಂಡಿದ್ದರು. 'ನಿಮ್ಮ ಗುಂಪಿನಲ್ಲೇ ಬಂದದ್ದಲ್ವಾ, ನಂಬಿದೆ' ಅಂದರು. ಗುಂಪಿನ ಹೆಸರು ನಾನಿಟ್ಟದ್ದೇ, ಡಿಪಿ ನಾನು ತೆಗೆದ ಕಿರೀಟ ವೇಷದ ಫೋಟೊವೇ. ಒಳಗೆ ಯಾರೂ ಕಾಯುವವರಿಲ್ಲ. ಏನಂತ ಹೇಳಲಿ ಅವರಿಗೆ?

ಹಾಗಾಗಿ ಮೊದಲ ಕೆಲಸ, ನಿಮ್ಮ ಜೊತೆ ಇನ್ನಿಬ್ಬರು ನಂಬಿಕಸ್ಥರನ್ನು ಅಡ್ಮಿನ್ ಮಾಡಿ. ಆಮೇಲೆ ಒಂದು ತಾರೀಕು ಹೇಳಿ, ಆ ದಿನ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸುವ ಹಾಗೆ ಸೆಟ್ಟಿಂಗ್ ಬದಲಿಸಿ. 2018ರಿಂದ ಆ ಸೌಕರ್ಯ ಉಂಟು. ಒಬ್ಬೊಬ್ಬರನ್ನೇ ತೆಗೆದು ಹಾಕುವ ಕೆಲಸಕ್ಕೆ ಹೋಗಬೇಡಿ. ನಾನೂರು ಜನರ ಫೋನಿನಲ್ಲಿ 'ನಿಮ್ಮನ್ನು ತೆಗೆದುಹಾಕಲಾಗಿದೆ' ಅಂತ ಕಂಡರೆ ಮದುವೆ ಊಟದ ಪಂಕ್ತಿಯಿಂದ ಎಬ್ಬಿಸಿದ ಹಾಗೆ. ಬಾಗಿಲು ಹಾಕಿ, ಹೋಗುವವರು ಅವರಷ್ಟಕ್ಕೆ ಹೋಗಲಿ.

ತಾರೀಕು ಎಷ್ಟು ಮುಂಚೆ ಹೇಳಬೇಕು ಅಂತ ಕೇಳಿದರೆ, ನನ್ನ ಅಳತೆ ಆರ್ಕುಟ್, ಫೇಸ್‌ಬುಕ್‌ನ ಹಾಗೆ ಇದ್ದ ಗೂಗಲ್‌ನ ಹಳೆಯ ಜಾಲತಾಣ. ಅಲ್ಲಿಯೂ ನಾವೊಂದು ಆಟದ ಕಮ್ಯೂನಿಟಿ ಮಾಡಿಕೊಂಡಿದ್ದೆವು. 2014ರ ಜೂನ್ 30ಕ್ಕೆ ಹೇಳಿದರು, ಸೆಪ್ಟೆಂಬರ್ 30ಕ್ಕೆ ಮುಚ್ಚಿದರು. ಮೂರು ತಿಂಗಳು. ಆಗ 'ಇಷ್ಟು ಬೇಗವಾ' ಅಂತ ಬೈದಿದ್ದೆವು. ಹಳೆ ಮಾತುಕತೆಯನ್ನು ಸ್ವಲ್ಪ ವರ್ಷ ನೋಡಲು ಬಿಟ್ಟಿದ್ದರು, ಆಮೇಲೆ ಅದೂ ಹೋಯಿತು. ತಾಳಮದ್ದಳೆಯ ಹಿರಿಯ ಅರ್ಥಧಾರಿ ಶೇಣಿಯವರ ವಾಲಿಯ ಪಾತ್ರದ ಬಗ್ಗೆ ನಾವು ಬರೆದುಕೊಂಡದ್ದು ಪುಟಗಟ್ಟಲೆ ಇತ್ತು. ನಾನು ಒಂದು ಸಾಲೂ ಇಳಿಸಿಕೊಳ್ಳಲಿಲ್ಲ. ಇನ್ನೂ ಸಮಯ ಉಂಟಲ್ಲ ಅಂತ ಕೂತದ್ದು.

ಮುಳ್ಳೇರಿಯದಿಂದ, ನಿವೃತ್ತ ಮಾಷ್ಟ್ರು

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗುಂಪಿನಲ್ಲಿ ತೀರಿಹೋದವರೂ ಇರುತ್ತಾರೆ.

ನಮ್ಮ ತಾಳಮದ್ದಳೆ (ವೇಷ ಇಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ) ಬಳಗದಲ್ಲಿ ಒಬ್ಬರಿದ್ದರು. ದಿನಾ ಬೆಳಿಗ್ಗೆ ಒಂದು ಪದದ ಚರಣ ಹಾಕಿ, ಯಾವ ಪ್ರಸಂಗ ಹೇಳಿ ಅಂತ ಕೇಳುವವರು. ಅವರು ಹೋದಾಗ ಎಲ್ಲರೂ ಸಂತಾಪ ಬರೆದೆವು, ಕೈ ಮುಗಿದೆವು, ಆಯಿತು. ನಾಲ್ಕು ತಿಂಗಳು ದಾಟಿದ ಮೇಲೆ ಒಂದು ಬೆಳಿಗ್ಗೆ ಗುಂಪು ತೆರೆದರೆ ಅವರ ಹೆಸರಿನ ಮುಂದೆ 'ಹೊರಹೋದರು' ಅಂತ ಉಂಟು. ಚಹಾದ ಲೋಟ ಹಾಗೇ ಕೆಳಗಿಟ್ಟೆ. ಆಮೇಲೆ ಮೊಮ್ಮಗ ಹೇಳಿದ. 120 ದಿನ ಯಾರೂ ಬಳಸದಿದ್ದರೆ ಖಾತೆಯನ್ನು ವಾಟ್ಸಾಪ್ ಅಳಿಸುತ್ತದಂತೆ, ಆಗ ಗುಂಪಿನಲ್ಲಿ ಹೀಗೆ ಕಾಣುತ್ತದಂತೆ. ಆ ದಿನ ಮತ್ತೆ ಹದಿನೈದು ಜನ ಸಂತಾಪ ಬರೆದರು. ಒಬ್ಬರು ಮಾತ್ರ 'ಯಾಕೆ ಬಿಟ್ಟು ಹೋದಿರಿ, ಬೇಜಾರಾಯಿತಾ?' ಅಂತ ಬರೆದಿದ್ದರು. ಅವರಿಗೆ ಗೊತ್ತಿರಲಿಲ್ಲ.

ಅದಕ್ಕೆ, ಮುಚ್ಚುವ ಮುಂಚೆ ಹತ್ತು ವರ್ಷದಲ್ಲಿ ಹೋದವರ ಹೆಸರುಗಳನ್ನು ಒಂದು ಸಲ ಬರೆದು ಹಾಕಿ. ಕಲಾವಿದರದ್ದು ಎಲ್ಲರಿಗೂ ಗೊತ್ತಿರುತ್ತದೆ. 2023ರ ಫೆಬ್ರವರಿಯಲ್ಲಿ ಬಲಿಪ ನಾರಾಯಣ ಭಾಗವತರು ಹೋದ ರಾತ್ರಿ ಯಾವ ಗುಂಪಿನಲ್ಲಿ ನೋಡಿದರೂ ಅವರದೇ ಪದ. ನಾನು ಹೇಳುವುದು ಮುಂದಿನ ಸಾಲಿನಲ್ಲಿ ಚಾಪೆ ಹಾಕಿ ಕೂತು ಆಟ ನೋಡಿದವರ ಹೆಸರು.

ವಹಿಸಿಕೊಡುವ ಬಗ್ಗೆ ನನಗೆ ಕುಂಬಳೆಯವರಷ್ಟು ಹೆದರಿಕೆ ಇಲ್ಲ. ಯಾರಾದರೂ ಹುಡುಗರು ಮುಂದೆ ಬಂದರೆ ಕೊಡಿ. ನನ್ನ ಮೊಮ್ಮಕ್ಕಳು ಓದುವುದು ಮಲಯಾಳದಲ್ಲಿ. ಕನ್ನಡ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅವರಿಗೆ ಸಾಕಾಗುತ್ತದೆ. ಆದರೆ ಗುಂಪಿಗೆ ಬರುವ ಅರ್ಥಗಾರಿಕೆಯ (ಪಾತ್ರದ ಮಾತಿನ) ತುಣುಕು ಕೇಳಿ ಕೇಳಿ ಮನೆಯಲ್ಲಿ 'ಎಲವೋ ಸುಗ್ರೀವಾ' ಅಂತ ಗದೆ ಎತ್ತುತ್ತಾರೆ.

ಬದಿಯಡ್ಕದಿಂದ

ಅಣ್ಣಾ, ರೆಕಾರ್ಡಿಂಗ್ ವಿಷಯ ನಾನು ಹೇಳುತ್ತೇನೆ. ಇದರಲ್ಲಿ ಕೈ ಸುಟ್ಟುಕೊಂಡವಳು ನಾನು.

ಎಕ್ಸ್‌ಪೋರ್ಟ್ ಚಾಟ್ ಒತ್ತಿದರೆ ಎಲ್ಲ ಬರುತ್ತದೆ ಅಂತ ನಂಬಬೇಡಿ. ಮೀಡಿಯಾ ಸಮೇತ ತೆಗೆದರೆ ತೀರಾ ಇತ್ತೀಚಿನ 10,000 ಸಂದೇಶ, ಬರೀ ಅಕ್ಷರ ಆದರೆ 40,000. ಹತ್ತು ವರ್ಷದ ಗುಂಪಿಗೆ ಅದು ಯಾವ ಮೂಲೆಗೆ? ಮತ್ತೆ ನಿಮ್ಮ ಫೋನಿಗೆ ಇಳಿಯದ ಫೈಲ್ ಅದರಲ್ಲಿ ಬರುವುದೇ ಇಲ್ಲ. ಹಳೆಯ ಆಡಿಯೊ ಒತ್ತಿದರೆ 'ಕಳಿಸಿದವರ ಹತ್ತಿರ ಮತ್ತೆ ಕೇಳಿ' ಅನ್ನುತ್ತದೆ. ಕಳಿಸಿದವರು ಅಷ್ಟರಲ್ಲಿ ಮೂರು ಫೋನ್ ಬದಲಿಸಿರುತ್ತಾರೆ.

ಹಾಗಾಗಿ ಈಗಲೇ ಗುಂಪಿನಲ್ಲಿ ಕೇಳಿ, ಯಾರ ಹಳೆ ಫೋನು ಮನೆಯ ಕಪಾಟಿನಲ್ಲಿ ಬಿದ್ದಿದೆ ಅಂತ. ನಮ್ಮಲ್ಲಿ ಅರ್ಧ ಸಿಕ್ಕಿದ್ದು ಹಾಗೆಯೇ. ಡಿಸ್ಪ್ಲೇ ಒಡೆದ ಒಂದು ಫೋನಿನ ಮೆಮೊರಿ ಕಾರ್ಡ್‌ನಲ್ಲಿ ಎಪ್ಪತ್ತು ಫೈಲ್ ಇತ್ತು.

ಸಿಕ್ಕಿದ ಮೇಲೆ ನಿಜವಾದ ಕಷ್ಟ. ಎಲ್ಲ ಫೈಲಿನ ಹೆಸರೂ ಎ.ಯು.ಡಿ. ಅಂತ ಶುರುವಾಗಿ, ಮಧ್ಯೆ ಒಂದು ತಾರೀಕು, ಕೊನೆಗೆ ಡಬ್ಲ್ಯು.ಎ. ಅಂತ ನಾಲ್ಕು ಅಂಕಿ. ಆ ತಾರೀಕು ಆಟದ್ದಲ್ಲ, ಫೈಲ್ ನಿಮ್ಮ ಫೋನಿಗೆ ಬಂದ ದಿನದ್ದು. ನಾನು ಅದನ್ನೇ ಆಟದ ದಿನ ಅಂತ ಬರೆದಿಟ್ಟೆ. ಒಬ್ಬರು ನಗಾಡಿ ಹೇಳಿದರು, 'ಅಕ್ಕಾ, ಈ ಭಾಗವತರು ಆ ವರ್ಷ ಈ ಮೇಳದಲ್ಲೇ ಇರಲಿಲ್ಲ.' ಪುನಃ ಮೊದಲಿನಿಂದ.

ಈಗ ನಾನು ಮಾಡುವುದು ಇಷ್ಟೇ. ಪುಸ್ತಕದಲ್ಲಿ ಕೈಯಲ್ಲಿ ಬರೆಯುತ್ತೇನೆ. ಊರು, ಪ್ರಸಂಗ, ಭಾಗವತರು, ಚೆಂಡೆ ಮದ್ದಳೆಗೆ ಯಾರು, ರೆಕಾರ್ಡ್ ಮಾಡಿದವರು ಯಾರು. ಗೊತ್ತಿಲ್ಲದ ಕಡೆ ಖಾಲಿ. ಊಹೆ ಬರೆಯುವುದಿಲ್ಲ. ಫೈಲ್‌ಗಳು ಎರಡು ಕಡೆ, ಒಂದು ಹಾರ್ಡ್ ಡಿಸ್ಕ್, ಒಂದು ಗೂಗಲ್ ಡ್ರೈವ್. ಪುಕ್ಕಟೆ 15 ಜಿಬಿ ಸಿಗುತ್ತದೆ, ಆಡಿಯೊ ಮಾತ್ರ ಆದರೆ ಧಾರಾಳ ಸಾಕು. ವಿಡಿಯೊಗೆ ಸಾಲದು.

ನಿಮ್ಮಲ್ಲಿ ಯಾರಾದರೂ ಫೇಸ್‌ಬುಕ್‌ನಲ್ಲಿ ಲೈವ್ ಮಾಡಿದ ಆಟಗಳಿದ್ದರೆ ಅವು ಇವೆಯಾ ಅಂತ ಇವತ್ತೇ ನೋಡಿ. 2025ರ ಫೆಬ್ರವರಿಯಲ್ಲಿ ಅವರು ನಿಯಮ ಬದಲಿಸಿದರು. ಲೈವ್ ವಿಡಿಯೊ 30 ದಿನ ಮಾತ್ರ ಇರುತ್ತದೆ, ಹಳೆಯದನ್ನೂ ತೆಗೆಯುತ್ತೇವೆ, ಬೇಕಾದವರು 90 ದಿನದೊಳಗೆ ಇಳಿಸಿಕೊಳ್ಳಿ ಅಂತ ಸೂಚನೆ ಕಳಿಸಿದರು. ನಮ್ಮ ಹುಡುಗನೊಬ್ಬ ಆ ಸೂಚನೆಯನ್ನು ಜಾಹೀರಾತು ಅಂತ ಒರೆಸಿ ಹಾಕಿದ. ಲಾಕ್‌ಡೌನ್ ಸಮಯದಲ್ಲಿ ಮನೆ ಜಗಲಿಯಿಂದ ಮಾಡಿದ ತಾಳಮದ್ದಳೆ ಒಂದೂ ಉಳಿಯಲಿಲ್ಲ.

ಕೊನೆಗೆ ಒಂದು ಮಾತು. ಎಲ್ಲವನ್ನೂ ಯೂಟ್ಯೂಬಿಗೆ ಹಾಕಿಬಿಡುವ ಅನ್ನುವವರು ಬರುತ್ತಾರೆ. ಕಲಾವಿದರನ್ನು ಕೇಳದೆ ಹಾಕಬೇಡಿ. ಕಾಪಿರೈಟ್ ಕಾನೂನಿನಲ್ಲಿ ಪ್ರದರ್ಶನ ಕೊಟ್ಟವರಿಗೆ 50 ವರ್ಷ ಹಕ್ಕು ಉಂಟು. ಕಾನೂನು ಬಿಡಿ, ರಾತ್ರಿ ಎರಡು ಗಂಟೆಗೆ ಅರ್ಥ ಹೇಳುತ್ತಾ ಇಬ್ಬರು ಹಿರಿಯರ ಮಾತು ಬಿಸಿಯಾಗಿರುತ್ತದೆ. ಬೆಳಿಗ್ಗೆ ಇಬ್ಬರೂ ಒಟ್ಟಿಗೆ ಕೂತು ಕಾಫಿ ಕುಡಿದಿರುತ್ತಾರೆ. ಆ ಜಗಳ ಮಾತ್ರ ಕತ್ತರಿಸಿ ಓಡಾಡಿದರೆ ಚಂದವಾ?

ಅಬುಧಾಬಿಯಿಂದ, ಊರು ಉಪ್ಪಳ

ನಮ್ಮನ್ನು ಮರೆಯಬೇಡಿ ಅಷ್ಟೇ. ಊರಲ್ಲಿರುವವರಿಗೆ ಗುಂಪು ಇಲ್ಲದಿದ್ದರೂ ಆಟ ಉಂಟು, ಗದ್ದೆ ದಾಟಿದರೆ ಚೆಂಡೆ ಕೇಳುತ್ತದೆ. ನಮಗೆ ಗುಂಪೇ ರಂಗಸ್ಥಳ. ಇಲ್ಲಿ ಒಂದೂವರೆ ಗಂಟೆ ಹಿಂದೆ, ಹಾಗಾಗಿ ನಿಮ್ಮಲ್ಲಿ ನಡುರಾತ್ರಿಯ ವೇಷ ಬರುವಾಗ ನಾವು ಊಟ ಮುಗಿಸಿ ಕೂತಿರುತ್ತೇವೆ. ಕೊನೆಯ ದಿನ ಅಂತ ಮಾಡುವುದಾದರೆ ಶನಿವಾರ ರಾತ್ರಿ ಇಡಿ. ಒಂದು ವಾರ ಮುಂಚೆ ಹೇಳಿದರೆ ಸಾಲದು, ಸೈಟಿನಲ್ಲಿ ಇರುವವರು ಎಷ್ಟೋ ದಿನಕ್ಕೊಮ್ಮೆ ಫೋನ್ ನೋಡುವವರಿದ್ದಾರೆ.

ಮತ್ತೆ, ಬೀಳ್ಕೊಡುಗೆ ಭಾಷಣ ಬರೆಯಬೇಡಿ. ನಮ್ಮ ಹಳೆಯ ಗುಂಪಿನವರು ಬರೆದಿದ್ದರು, ನಾಲ್ಕು ಸಲ 'ಓದು ಮುಂದುವರಿಸಿ' ಒತ್ತಬೇಕಿತ್ತು. ಯಾರೂ ಒತ್ತಲಿಲ್ಲ.

ಮಂಜೇಶ್ವರದಿಂದ

ನಂಬರುಗಳು! 2020ರ ಲಾಕ್‌ಡೌನ್‌ನಲ್ಲಿ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿದಾಗ ನಮ್ಮ ಮಾವನ ಮಾತ್ರೆ ಮಂಗಳೂರಿನಿಂದ ಬಂದದ್ದು ಇಂಥದೇ ಒಂದು ಆಟದ ಗುಂಪಿನವರ ಕೈಯಿಂದ ಕೈಗೆ ದಾಟಿ. ತಂದವರ ಹೆಸರು ನನ್ನ ಫೋನಿನಲ್ಲಿ ಇರಲಿಲ್ಲ, ಗುಂಪಿನಲ್ಲಿ ಇತ್ತು ಅಂತ ನಾನು ಉಳಿಸಿಕೊಂಡಿರಲೇ ಇಲ್ಲ. ಗುಂಪು ಹೋಯಿತು, ಅವರ ಸಂಪರ್ಕವೂ ತಪ್ಪಿತು. ಬಾಗಿಲು ಹಾಕುವ ಮುಂಚೆ, ಬೇಕಾದವರ ನಂಬರು ಸೇವ್ ಮಾಡಿಕೊಳ್ಳಿ ಅಂತ ಎರಡು ಮೂರು ಸಲ ಹೇಳಿ.

ವಹಿಸಿಕೊಡುವುದಾದರೆ ನಾವು ನಾಲ್ಕು ಜನ ಇದ್ದೇವೆ, ಕೆಲಸ ಮಾಡಲು ಸಿದ್ಧ. ಆದರೆ ಹಳೆ ಗುಂಪನ್ನು ಕೊಡಬೇಡಿ, ಹೊಸ ಹೆಸರಿನಲ್ಲಿ ನಾವೇ ಮಾಡುತ್ತೇವೆ. ಬರುವವರು ಬರಲಿ. ನಾನೂರು ಜನರ ಹಳೆ ಸಿಟ್ಟು, ಹಳೆ ಪಕ್ಷ ನಮಗೆ ಯಾಕೆ?

ಕುಂಬಳೆಯಿಂದ, ಮತ್ತೊಮ್ಮೆ

ಮಂಜೇಶ್ವರದವರ ಮಾತು ಸರಿ. ಮಾಷ್ಟ್ರೇ, ನನ್ನದು ಹೆದರಿಕೆ ಅಲ್ಲ, ಎಂಟು ಸಾವಿರದ ನೆನಪು.

ಪೆರ್ಲದಿಂದ, ಕೇಳಿದವನು

ಎಲ್ಲರಿಗೂ ಉಪಕಾರ ಆಯಿತು. ಇಬ್ಬರನ್ನು ಅಡ್ಮಿನ್ ಮಾಡಿದ್ದೇನೆ. ದಿನ ಪತ್ತನಾಜೆ ಅಂತ ಇಟ್ಟುಕೊಂಡೆ. ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವ ದಿನ ಹೇಗೂ ಎಲ್ಲರಿಗೂ ನೆನಪಿರುತ್ತದೆ. ಶನಿವಾರ ಆಗಲಿಲ್ಲ, ಅಬುಧಾಬಿಯವರು ಕ್ಷಮಿಸಬೇಕು. ಹೊಸ ಗುಂಪಿನ ಲಿಂಕನ್ನು ಹುಡುಗರು ಕೊಟ್ಟರೆ ಅದೊಂದನ್ನು ಪಿನ್ ಮಾಡಿ ಬಾಗಿಲು ಹಾಕುತ್ತೇನೆ. ಹೋದವರ ಪಟ್ಟಿ ಬರೆಯಲು ಕೂತೆ. ಇಪ್ಪತ್ತಮೂರು ಹೆಸರು ಆಯಿತು. ಇಷ್ಟು ಜನ ಅಂತ ಅಂದುಕೊಂಡಿರಲಿಲ್ಲ.

ರೆಕಾರ್ಡಿಂಗ್ ಪುಸ್ತಕವನ್ನೂ ಶುರು ಮಾಡಿದ್ದೇನೆ. ನಿನ್ನೆ ರಾತ್ರಿ ಅಮ್ಮನ ಮಂಚದ ಹತ್ತಿರ ಕೂತು ಒಂದೊಂದೇ ಹಾಕಿದೆ. ಒಂದರಲ್ಲಿ ಭಾಗವತರ ದನಿ ತುಂಬಾ ದೂರದಿಂದ ಬರುತ್ತದೆ, ಹಿಂದೆ ಶೀಟಿನ ಮೇಲೆ ಮಳೆ. ಊರು ಗೊತ್ತಿಲ್ಲ ಅಂತ ಖಾಲಿ ಬಿಡುವವನಿದ್ದೆ. ಅಮ್ಮ ಕಣ್ಣು ಮುಚ್ಚಿಕೊಂಡೇ ಹೇಳಿದರು, 'ಅದು ನಮ್ಮ ಶಾಲೆಯ ಜಗಲಿ ಅಲ್ವಾ. ಕರೆಂಟ್ ಹೋಗಿತ್ತು. ನೀನೇ ಟಾರ್ಚ್ ಹಿಡಿದದ್ದು.'

ನನಗೆ ನೆನಪಿರಲಿಲ್ಲ. ಊರಿನ ಹೆಸರು ಬರೆದೆ. ಮೂರು ಆಯಿತು, ಇನ್ನು ಮುನ್ನೂರ ಹತ್ತು ಉಂಟು.