ಅಪ್‌ಡೇಟ್: ಮಗಳಿಗೆ ಸ್ಕೇಟಿಂಗ್ ಹೆಲ್ಮೆಟ್ ಸಿಕ್ಕಿತು

ಟೊರಾಂಟೋದಲ್ಲಿ ಮಗಳ ಐಸ್ ಸ್ಕೇಟಿಂಗ್ ಕ್ಲಾಸಿಗೆ ಸೈಕಲ್ ಹೆಲ್ಮೆಟ್ ಸಾಕಾ ಅಂತ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸಿಎಸ್‌ಎ (ಕೆನಡಾದ ಸುರಕ್ಷತಾ ಮಾನದಂಡ) ಸ್ಟಿಕ್ಕರ್ ಇರುವ ಐಸ್ ಹಾಕಿ ಹೆಲ್ಮೆಟ್ಟನ್ನೇ ತಂದೆವು.

ಸೈಕಲ್ ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ ಥರದ ಫೋಮ್ ಒಂದೇ ಜೋರು ಪೆಟ್ಟಿಗೆ ಜಜ್ಜಿಹೋಗುತ್ತದೆ, ಆಮೇಲೆ ಬಿಸಾಡಬೇಕು. ಹಾಕಿಯದ್ದು ಮತ್ತೆ ಮತ್ತೆ ಬೀಳುವ ಪೆಟ್ಟಿಗೆ ಅಂತಲೇ ಮಾಡಿದ್ದು. ತಲೆಯ ಹಿಂಭಾಗವನ್ನೂ ಜಾಸ್ತಿ ಮುಚ್ಚುತ್ತದೆ. ಐಸ್ ಮೇಲೆ ಕಾಲು ಜಾರಿದರೆ ಹಿಂದಕ್ಕೂ ಬೀಳಬಹುದು ಅಲ್ವಾ, ನನಗೆ ಅದೇ ಮುಖ್ಯ ಅನ್ನಿಸಿತು.

ಹೆಲ್ಮೆಟ್ ಹುಬ್ಬಿನಿಂದ ಒಂದು ಬೆರಳು ಮೇಲೆ ಕೂರಬೇಕು, ತಲೆ ಆಡಿಸಿದರೆ ಜರುಗಬಾರದು. ಮೊದಲು ಅವಳ ಜುಟ್ಟು ಅಡ್ಡ ಬಂತು. ಕತ್ತಿನ ಹತ್ತಿರ ತಗ್ಗಿಸಿ ಕಟ್ಟಿದ ಮೇಲೆ ಗಟ್ಟಿಯಾಗಿ ಕೂತಿತು. ‘ಮುಂದಿನ ವರ್ಷಕ್ಕೂ ಆಗುತ್ತೆ, ದೊಡ್ಡ ಸೈಜ್ ತಗೊಳ್ಳಿ’ ಅನ್ನುವ ಸಲಹೆಯೊಂದನ್ನು ಮಾತ್ರ ಒಪ್ಪಲಿಲ್ಲ. ಸಡಿಲ ಇದ್ದರೆ ಹೆಲ್ಮೆಟ್ ಹಾಕಿಕೊಂಡರೂ ಪ್ರಯೋಜನವಿಲ್ಲ.