ಮೂರು ಕಾಯಿಲೆ ಕೋಳಿ: ಯಾವುದನ್ನು ಉಳಿಸಬಹುದು, ಯಾವುದಕ್ಕೆ ಇವತ್ತೇ ಮುಕ್ತಿ?

ಹಿತ್ತಲಗೂಡು (ಪ್ರಶ್ನೆ):
ಹಾಸನದ ಕಡೆ, ಹನ್ನೊಂದು ಕೋಳಿಯ ಗೂಡು. ಮೂರಕ್ಕೆ ಮೂರು ಥರದ ತೊಂದರೆ.
ನಾಲ್ಕು ತಿಂಗಳ ಹೇಂಟೆ: ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿ ಬಿದ್ದು ಎಂಟು ದಿನ. ಬಾಯಿಗಿಟ್ಟರೆ ತಿನ್ನುತ್ತದೆ. 1.3 ಕೆಜಿ ಇದ್ದದ್ದು ಈಗ 950 ಗ್ರಾಂ.
ಒಂದೂವರೆ ವರ್ಷದ ಗಿರಿರಾಜ ತಳಿಯ ಕೋಳಿ: ಮೊಟ್ಟೆ ನಿಲ್ಲಿಸಿ ತಿಂಗಳಾಯಿತು. ಹೊಟ್ಟೆ ಉಬ್ಬಿದೆ, ಬೆನ್ನು ನೆಟ್ಟಗೆ ಮಾಡಿ ಕಾಲಗಲಿಸಿ ನಡೆಯುತ್ತದೆ. ಮೇವು ಅರ್ಧಕ್ಕಿಳಿದಿದೆ. ತೂಕ 2.7 ಕೆಜಿ, ಇಳಿದಿಲ್ಲ.
ಮೂರು ವಾರದ ಮರಿ: ಕಾಲ್ಬೆರಳು ಒಳಕ್ಕೆ ಮಡಚಿಕೊಂಡಿವೆ, ತೆವಳುತ್ತದೆ. ಚುರುಕಾಗಿದೆ. ಮೇವು ನುಚ್ಚು, ರಾಗಿ. ನಾಲ್ಕು ದಿನ ವಿಟಮಿನ್ ಹನಿ ಹಾಕಿದರೂ ಗುಣ ಕಾಣಲಿಲ್ಲ.
ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಆಗಿದೆ, ನರಕ್ಕೆ ಬಡಿಯುವ ಮಾರೆಕ್ಸ್ ವೈರಾಣು ಕಾಯಿಲೆಯ ಲಸಿಕೆ ಆಗಿಲ್ಲ. ಮನೆಯಲ್ಲಿ ಮೂರನ್ನೂ ಮುಗಿಸಿಬಿಡಿ ಅನ್ನುತ್ತಿದ್ದಾರೆ. ಸರಿಯೆ?

ಅಡ್ಡಕೋಲು:
ಮೂರನ್ನೂ ಅಲ್ಲ. ಮರಿಯನ್ನು ಮುಟ್ಟಬೇಡಿ, ಅದು ಉಳಿಯುವ ಕೋಳಿ. ನುಚ್ಚು, ರಾಗಿಯಲ್ಲೇ ಬೆಳೆದ ಮರಿಗೆ ಬಿ2 ವಿಟಮಿನ್ (ರೈಬೋಫ್ಲೇವಿನ್) ಸಾಲದೆ ಕಾಲಿನ ನರ ಸೊರಗಿ ಬೆರಳು ಮಡಚಿಕೊಳ್ಳುತ್ತವೆ. ನಿಮ್ಮ ಹನಿಯ ಲೇಬಲ್ ಓದಿ ನೋಡಿ. ಅಂಗಡಿಯಲ್ಲಿ ಕೊಡುವ ಬಹಳಷ್ಟು ಹನಿಗಳಲ್ಲಿ ಎ, ಡಿ3, ಇ, ಬಿ12 ಮಾತ್ರ ಇರುತ್ತವೆ, ಬಿ2 ಇರುವುದಿಲ್ಲ. ನಾಲ್ಕು ದಿನ ಹಾಕಿದ್ದು ಹಿಡಿಯದೆ ಇರುವುದಕ್ಕೆ ಅದೇ ಕಾರಣ ಇರಬಹುದು. ಬಿ2 ಇರುವ ಬಿ ಕಾಂಪ್ಲೆಕ್ಸ್ ಸಿರಪ್ ತಂದು ಕೊಕ್ಕಿನ ಅಂಚಿಗೆ ದಿನಕ್ಕೆ ಎರಡು ಸಲ ಎರಡೆರಡು ಹನಿ ಬಿಡಿ. ಮರಿಗೆ ಬೇಕಾದ್ದು ಮಿಲಿಗ್ರಾಂನ ಹತ್ತನೇ ಒಂದು ಭಾಗದಷ್ಟೇ, ಆದ್ದರಿಂದ ಹೆಚ್ಚು ಸುರಿಯಬೇಕಿಲ್ಲ. ಮೇವನ್ನು ಚಿಕ್ ಸ್ಟಾರ್ಟರ್‌ಗೆ (ಎಳೆ ಮರಿಗಳ ಸಿದ್ಧ ಮೇವು) ಬದಲಿಸಿ, ಬೇಯಿಸಿದ ಮೊಟ್ಟೆ ಪುಡಿ ಮಾಡಿ ಕೊಡಿ. ತಡ ಮಾಡಿದರೆ ನರ ಖಾಯಂ ಹಾಳಾಗುತ್ತದೆ. ಗುಣ ಕಾಣಲು ಹತ್ತು ದಿನ ಗಡುವು ಇಟ್ಟುಕೊಳ್ಳಿ.

ನಾಲ್ಕು ತಿಂಗಳ ಹೇಂಟೆಯ ಮಾತು ಬೇರೆ. ಆ ವಯಸ್ಸು, ಆ ಭಂಗಿ, ಲಸಿಕೆ ಇಲ್ಲ: ಮಾರೆಕ್ಸ್ ಎನ್ನಲು ಮೂರೂ ಕೂಡಿಬರುತ್ತವೆ. ಅದಕ್ಕೆ ಔಷಧ ಇಲ್ಲ. ಲಸಿಕೆಯನ್ನು ಮೊಟ್ಟೆಯೊಡೆದ ಮೊದಲ ದಿನವೇ ಕತ್ತಿನ ಚರ್ಮದಡಿ ಕೊಡಬೇಕು, ಈಗ ಕೊಟ್ಟು ಫಲವಿಲ್ಲ. ‘ಬಾಯಿಗಿಟ್ಟರೆ ತಿನ್ನುತ್ತದೆ’ ಎಂಬುದನ್ನು ನಂಬಿ ಕೂರಬೇಡಿ. ನರ ಸತ್ತ ಕೋಳಿಗೂ ಹಸಿವಾಗುತ್ತದೆ. ಕೇಳಬೇಕಾದ ಪ್ರಶ್ನೆ, ತಾನಾಗಿ ನೀರಿನ ತಟ್ಟೆಗೆ ಹೋಗಬಲ್ಲದೆ ಎಂಬುದು. ಎಂಟು ದಿನದಲ್ಲಿ ತೂಕದ ಕಾಲು ಭಾಗಕ್ಕಿಂತ ಹೆಚ್ಚು ಕರಗಿದೆ. ಅದನ್ನು ಇನ್ನು ನರಳಿಸಬೇಡಿ.

ಮೊಟ್ಟೆಬುಟ್ಟಿ:
ಗಿರಿರಾಜದ ತೂಕ ಇಳಿದಿಲ್ಲ ಅಂದಿರಲ್ಲ, ತಕ್ಕಡಿ ಇಲ್ಲಿ ಸುಳ್ಳು ಹೇಳುತ್ತದೆ. ಹೊಟ್ಟೆಯಲ್ಲಿ ತುಂಬಿದ ನೀರೇ ಅರ್ಧ ಕೆಜಿ ತೂಗಬಹುದು. ಎದೆಮೂಳೆಯ ಎರಡೂ ಬದಿ ಬೆರಳಾಡಿಸಿ. ಮಾಂಸ ದುಂಡಗೆ ಸಿಕ್ಕಿದರೆ ಪರವಾಗಿಲ್ಲ, ಮೂಳೆ ಕತ್ತಿಯ ಅಲಗಿನಂತೆ ಎದ್ದಿದ್ದರೆ ಕೋಳಿ ಒಳಗೊಳಗೇ ಬತ್ತುತ್ತಿದೆ. ಬೆಳಿಗ್ಗೆ ಮೇವು ಹಾಕುವ ಮುಂಚೆ ಕತ್ತಿನ ಬುಡದ ಮೇವಿನ ಚೀಲವನ್ನೂ ಮುಟ್ಟಿ ನೋಡಿ. ರಾತ್ರಿ ತುಂಬಿದ್ದು ಬೆಳಗಾಗುವ ಹೊತ್ತಿಗೆ ಖಾಲಿಯಾಗಿರಬೇಕು.

ಹೊಟ್ಟೆ ನೀರು ತುಂಬಿದ ಬಲೂನಿನ ಹಾಗೆ ಮೆತ್ತಗಿದ್ದರೆ ಮೊಟ್ಟೆಯ ಹಳದಿ ಭಂಡಾರ ಹೊಟ್ಟೆಯೊಳಗೆ ಬಿದ್ದು ಸೋಂಕಾಗಿರುವುದು ಹೆಚ್ಚು ಸಂಭವ, ಗೆಡ್ಡೆಯೂ ಇರಬಹುದು. ಮೊಟ್ಟೆ ಸಿಕ್ಕಿಕೊಂಡದ್ದಾದರೆ ಗಟ್ಟಿಯಾಗಿ ಕೈಗೆ ಸಿಗುತ್ತದೆ, ಒಂದೆರಡು ದಿನದಲ್ಲೇ ಗತಿ ಗೊತ್ತಾಗುತ್ತದೆ, ತಿಂಗಳು ಎಳೆಯುವುದಿಲ್ಲ. ಪಶುವೈದ್ಯರು ಸೂಜಿಯಿಂದ ನೀರು ತೆಗೆದರೆ ಉಸಿರಾಟ ಹಗುರಾಗುತ್ತದೆ, ಆದರೆ ಮತ್ತೆ ತುಂಬುತ್ತದೆ. ಮನೆಯಲ್ಲಿ ಚುಚ್ಚಬೇಡಿ. ಒಮ್ಮೆಲೇ ಎಲ್ಲ ಬಸಿದರೆ ಅಲ್ಲೇ ಕುಸಿದು ಸಾಯುತ್ತದೆ, ಕರುಳಿಗೂ ಸೂಜಿ ತಾಗಬಹುದು.

ಇದಕ್ಕೆ ಐದು ದಿನದ ಗಡುವು ಕೊಡಿ, ಅಷ್ಟರಲ್ಲಿ ಚೇತರಿಸದಿದ್ದರೆ ಮುಕ್ತಿ. ದಿನಾಂಕವನ್ನು ಗೂಡಿನ ಬಾಗಿಲಿಗೆ ಬರೆದು ಅಂಟಿಸಿ. ಬರೆಯದಿದ್ದರೆ ‘ನಾಳೆ ನೋಡೋಣ’ ಅನ್ನುತ್ತಲೇ ಹದಿನೈದು ದಿನ ಕಳೆಯುತ್ತದೆ, ಆ ಹದಿನೈದು ದಿನವೂ ನೋವು ತಿನ್ನುವುದು ಕೋಳಿ. ಬಾಯಿ ತೆರೆದು ಉಸಿರಾಡತೊಡಗಿದರೆ, ಜುಟ್ಟು ನೀಲಿಗಟ್ಟಿದರೆ, ಇಡೀ ದಿನ ಮೇವು ಮುಟ್ಟದಿದ್ದರೆ ಗಡುವು ಕಾಯಬೇಡಿ. ಒಂದು ಎಚ್ಚರ: ಹಸಿರು ಹಿಕ್ಕೆ ಕಂಡ ಕೂಡಲೇ ಕೊಕ್ಕರೆ ರೋಗ ಅನ್ನಬೇಡಿ. ಏನೂ ತಿನ್ನದ ಕೋಳಿಯೂ ಬರೀ ಪಿತ್ತ ಹೋಗಿ ಹಸಿರು ಹಿಕ್ಕೆ ಹಾಕುತ್ತದೆ.

ಹಿತ್ತಲಗೂಡು:
ಎದೆಮೂಳೆ ಚೂಪಾಗಿದೆ, ಹೊಟ್ಟೆ ಮೆತ್ತಗಿದೆ. ಹೇಂಟೆಯನ್ನು ನಾಳೆ ಬೆಳಿಗ್ಗೆ ಎಂದುಕೊಂಡಿದ್ದೇನೆ. ನೋವಾಗದ ಹಾಗೆ ಹೇಗೆ?

ಅಡ್ಡಕೋಲು:
ಪಶು ಆಸ್ಪತ್ರೆಯಲ್ಲಿ ಚುಚ್ಚುಮದ್ದು ಸಿಗುವುದಾದರೆ ಮೊದಲ ಆಯ್ಕೆ ಅದೇ. ಇಲ್ಲದಿದ್ದರೆ ಕತ್ತಿನ ಕೀಲು ತಪ್ಪಿಸುವುದು. ಕೈ ಪಳಗಿದವರೊಬ್ಬರು ಪಕ್ಕದಲ್ಲಿರಲಿ, ಮೊದಲು ಬೇರೆ ಯಾವುದಾದರೂ ಸತ್ತ ಕೋಳಿಯ ಮೇಲೆ ಅವರಿಂದ ಕಲಿತರೆ ಇನ್ನೂ ಒಳ್ಳೆಯದು. ಎಡಗೈಯಲ್ಲಿ ಎರಡೂ ಕಾಲು ಸೊಂಟದ ಮಟ್ಟಕ್ಕೆ ಹಿಡಿಯಿರಿ. ಬಲಗೈಯ ಮೊದಲೆರಡು ಬೆರಳ ನಡುವೆ ತಲೆಬುರುಡೆಯ ಹಿಂಭಾಗಕ್ಕೆ ತಾಗಿ ಕತ್ತು ಬರಲಿ, ಹೆಬ್ಬೆರಳು ಕೊಕ್ಕಿನ ಕೆಳಗೆ. ಒಂದೇ ಸಲಕ್ಕೆ ಕೆಳಕ್ಕೆ ಎಳೆಯುತ್ತಲೇ ತಲೆಯನ್ನು ಹಿಂದಕ್ಕೆ ಬಾಗಿಸಿ. ಬುರುಡೆಗೂ ಕತ್ತಿಗೂ ನಡುವೆ ಬೆರಳಗಲ ಸಂದು ಕೈಗೆ ಸಿಗಬೇಕು. ಕೆಡುವುದು ಎಲ್ಲಿ ಅಂದರೆ, ಅಳುಕಿ ಅರ್ಧಕ್ಕೆ ಎಳೆದಾಗ, ಅಥವಾ ಬುರುಡೆಯ ಬುಡ ಬಿಟ್ಟು ಕತ್ತಿನ ನಡುವೆ ಹಿಡಿದಾಗ. ಸಂದು ಸಿಗದಿದ್ದರೆ ಆ ಕ್ಷಣವೇ ಮತ್ತೆ ಎಳೆಯಿರಿ. ಕೋಳಿಯನ್ನು ಗಾಳಿಯಲ್ಲಿ ತಿರುಗಿಸುವುದು, ನೀರಲ್ಲಿ ಮುಳುಗಿಸುವುದು, ವಿಷ ಹಾಕುವುದು, ಇವು ಬೇಡವೇ ಬೇಡ.

ಆಮೇಲೆ ಒಂದೆರಡು ನಿಮಿಷ ರೆಕ್ಕೆ ಬಡಿಯುತ್ತದೆ. ಅದು ನರದ ಅದಿರಾಟ, ಎಚ್ಚರ ಇದ್ದದ್ದಲ್ಲ. ಅದು ನಿಂತ ಮೇಲೆ ಕಣ್ಣಗುಡ್ಡೆಯನ್ನು ಮೆಲ್ಲಗೆ ಮುಟ್ಟಿ. ರೆಪ್ಪೆ ಮಿಟುಕಬಾರದು, ಉಸಿರು ಇರಬಾರದು. 950 ಗ್ರಾಂ ಹೇಂಟೆಗೆ ಕೈ ಸಾಕು. ಗಿರಿರಾಜಕ್ಕೆ ಆ ದಿನ ಬಂದರೆ ವೈದ್ಯರ ಹತ್ತಿರವೇ ಒಯ್ಯಿರಿ. ಯುರೋಪಿನ ನಿಯಮದಲ್ಲಿ ಬರಿಗೈಗೆ ಮಿತಿ 3 ಕೆಜಿ ಇದ್ದರೂ ಪಳಗದ ಕೈಗೆ 2.7 ಕೆಜಿ ಕೋಳಿ ಬಗ್ಗುವುದಿಲ್ಲ.

ಸುಣ್ಣದಗುಂಡಿ:
ಕಾಯಿಲೆ ಕೋಳಿಯನ್ನು ಸಾರಿಗೆ ಹಾಕಬೇಡಿ, ನಾಯಿಗೂ ಎಸೆಯಬೇಡಿ. ಬಾವಿಯಿಂದ ದೂರದಲ್ಲಿ ಮೂರು ಅಡಿ ಆಳದ ಗುಂಡಿ ತೆಗೆದು ಹೂಳಿ, ಮೇಲೆ ಸುಣ್ಣ, ಆಮೇಲೆ ಮಣ್ಣು. ಇನ್ನೊಂದು ಮಾತು, ಇದು ನಿಮ್ಮ ಗೂಡಿಗಲ್ಲ, ಓದುತ್ತಿರುವ ಬೇರೆಯವರಿಗೆ: ಒಂದೆರಡು ದಿನದಲ್ಲಿ ಸಾಲಾಗಿ ಕೋಳಿ ಸಾಯುತ್ತಿದ್ದರೆ, ಮುಖ ಊದಿ ಜುಟ್ಟು ಕಪ್ಪಾಗಿದ್ದರೆ ನೀವಾಗಿ ಕೊಲ್ಲಲೂ ಬೇಡಿ, ಕೊಯ್ಯಲೂ ಬೇಡಿ. ಹಕ್ಕಿಜ್ವರ ಮೈಸೂರು, ದಾವಣಗೆರೆಗೆ 2020ರಲ್ಲಿ, ಚಿಕ್ಕಬಳ್ಳಾಪುರ, ಬಳ್ಳಾರಿ ಜಿಲ್ಲೆಗಳಿಗೆ 2025ರಲ್ಲಿ ಬಂದಿತ್ತು. ಮೊದಲು ಪಶು ಇಲಾಖೆಗೆ ತಿಳಿಸಿ, ಸಹಾಯವಾಣಿ 1962.

ಹಿತ್ತಲಗೂಡು:
ಹೇಂಟೆಯದು ಮುಗಿಯಿತು. ಆಸ್ಪತ್ರೆಯಲ್ಲಿ ಕೊಯ್ದು ನೋಡಿದರು, ಒಂದು ತೊಡೆಯ ನರ ಇನ್ನೊಂದರ ಎರಡರಷ್ಟು ದಪ್ಪ, ಬೂದುಬಣ್ಣ. ಮಾರೆಕ್ಸ್ ಅಂದರು. ಮರಿಯ ಬೆರಳು ಐದನೇ ದಿನಕ್ಕೆ ಅರ್ಧ ಬಿಚ್ಚಿವೆ. ಗಿರಿರಾಜದ ಗಡುವು ಗುರುವಾರ. ಗೂಡಿನಲ್ಲಿ ಉಳಿದ ಎಳೆಯವನ್ನೂ ತೆಗೆಯಬೇಕೆ?

ಅಡ್ಡಕೋಲು:
ಬೇಡ. ಮಾರೆಕ್ಸ್ ವೈರಾಣು ಗರಿಯ ಹೊಟ್ಟಿನ ಧೂಳಿನಲ್ಲಿ ತಿಂಗಳುಗಟ್ಟಲೆ ಇರುತ್ತದೆ, ಎಲ್ಲಕ್ಕೂ ಈಗಾಗಲೇ ತಗುಲಿರುತ್ತದೆ. ಕಾಯಿಲೆ ಬೀಳುವುದು ಕೆಲವಕ್ಕೆ ಮಾತ್ರ. ಕಾಲೆಳೆಯುವ ಹೊಸ ಕೋಳಿ ಕಂಡರೆ ಅವತ್ತೇ ತೂಗಿ ಬರೆದಿಡಿ. ಮುಂದೆ ತರುವ ಮರಿಗಳು ಮೊದಲ ದಿನದ ಲಸಿಕೆ ಆದವೇ ಇರಲಿ.